ಬೀದಿ ಒಂದು, ಗಾಡಿ ಯಾರದು?

(ಪುಣೆಯ ಕನ್ನಡಿಗರ ತಿಂಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಸಭಿಕರ ಒಂದೆರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಅಧ್ಯಕ್ಷರೆ, ಪುಣೆಯ ಕನ್ನಡ ಬಂಧುಗಳೆ,

ಕಳೆದ ತಿಂಗಳು ಇದೇ ವೇದಿಕೆಯಲ್ಲಿ ವಚನಗಳ ಬಗ್ಗೆ ಉಪನ್ಯಾಸ ನಡೆಯಿತು. ಈ ತಿಂಗಳು ಕಸದ ಬಗ್ಗೆ ಎಂದು ನಾನು ತಿಳಿಸಿದಾಗ ಕಾರ್ಯದರ್ಶಿಗಳು ಫೋನಿನಲ್ಲಿ ಎರಡು ಕ್ಷಣ ಸುಮ್ಮನಾಗಿ, ಆಮೇಲೆ "ಆಗಲಿ, ಅದೂ ಕಾಯಕವೇ" ಎಂದರು. ಅವರ ಆ ಮಾತಿನ ಬಲದ ಮೇಲೆ ಇಲ್ಲಿ ನಿಂತಿದ್ದೇನೆ.

ನಿಮ್ಮಲ್ಲಿ ಕೆಲವರು ವನಾಜ್ ಕಡೆಯಿಂದ ಮೆಟ್ರೊ ಹಿಡಿದು ಬಂದಿರುತ್ತೀರಿ. ಅಲ್ಲಿ ಮೆಟ್ರೊ ಗಾಡಿಗಳು ತಂಗುವ ಡಿಪೊ ಇರುವ ನೆಲ ಹಿಂದೆ ಕೋಥ್ರೂಡಿನ ಕಚರಾ ಡೆಪೋ ಆಗಿತ್ತು. ನಲವತ್ತು ವರ್ಷದ ಹಿಂದೆ ಧಾರವಾಡದಿಂದಲೋ ಉಡುಪಿಯಿಂದಲೋ ಬಂದು ಕೋಥ್ರೂಡಿನಲ್ಲಿ ಬಾಡಿಗೆ ಮನೆ ಹಿಡಿದ ನಮ್ಮವರಿಗೆ ಆ ವಾಸನೆಯ ನೆನಪಿದೆ. ಕೋಥ್ರೂಡು ಬೆಳೆಯಿತು, ಜಾಗಕ್ಕೆ ಬೆಲೆ ಬಂತು, ಕಸ ಊರಿನ ಇನ್ನೊಂದು ತುದಿಗೆ, ಉರುಳಿ ದೇವಾಚಿ ಮತ್ತು ಫುರ್ಸುಂಗಿ ಗ್ರಾಮಗಳ ಮಗ್ಗುಲಿಗೆ ಹೋಯಿತು. ಅಲ್ಲಿಯ ಜನ ಬಾವಿಯ ನೀರು ಕೆಟ್ಟಿತೆಂದು ಮತ್ತೆ ಮತ್ತೆ ರಸ್ತೆಗಿಳಿದು ಗಾಡಿಗಳನ್ನು ತಡೆದರು. ಹಾಗೆ ತಡೆದಾಗಲೆಲ್ಲ ಎರಡು ಮೂರು ದಿನದಲ್ಲಿ ನಮ್ಮ ಬೀದಿಗಳ ಮೂಲೆಯಲ್ಲಿ ಕಸ ಗುಡ್ಡೆಯಾಗುತ್ತಿತ್ತು, ಪತ್ರಿಕೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತಿತ್ತು: ಈ ಕೆಲಸವನ್ನು ಪಾಲಿಕೆಯೇ ಮಾಡಬೇಕೆ, ಖಾಸಗಿಯವರಿಗೆ ಕೊಡಬೇಕೆ?

ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರ ತಪಾಸಣೆಯಲ್ಲಿ ಬದುಕಿನ ದೊಡ್ಡ ಭಾಗ ಕಳೆದವನು ನಾನು. ಪ್ರಶ್ನೆಯನ್ನು ಹೀಗೆ ಎರಡೇ ಹೋಳು ಮಾಡಿ ಕೇಳುವುದರಿಂದಲೇ ನಾವು ದಾರಿ ತಪ್ಪಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಗಾಡಿಯ ಮೇಲೆ ಯಾರ ಹೆಸರಿದೆ ಎಂಬುದಕ್ಕಿಂತ, ಆ ಗಾಡಿಗೆ ನಾವು ಯಾವುದಕ್ಕಾಗಿ ಹಣ ಕೊಡುತ್ತಿದ್ದೇವೆ ಎಂಬುದು ಮುಖ್ಯ. ಅದಕ್ಕಿಂತಲೂ ಮುಖ್ಯವಾದದ್ದು, ಹಣ ಕೊಡುವ ಪಾಲಿಕೆಗೆ ಆ ಕೆಲಸವನ್ನು ಸ್ವತಃ ಮಾಡಿ ಗೊತ್ತಿದೆಯೆ ಎಂಬುದು. ಈ ಎರಡನೆಯದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಇಂದು ಅದರ ಸುತ್ತಲೇ ಮಾತಾಡುತ್ತೇನೆ.

ಕಾನೂನಿನ ವಿಷಯವನ್ನು ಬೇಗ ಮುಗಿಸುತ್ತೇನೆ. 1992ರ 74ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆ ನಗರ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿವೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಬೆನ್ನಿಗೆ 2000ದಲ್ಲಿ ಮೊದಲ ನಿಯಮಗಳು ಬಂದವು. 2016ರ ಏಪ್ರಿಲ್‌ನಲ್ಲಿ ಅವುಗಳ ಜಾಗಕ್ಕೆ ಇನ್ನೂ ವಿಸ್ತಾರವಾದ ನಿಯಮಗಳು ಬಂದವು. ಹೊಣೆ ಪಾಲಿಕೆಯದು, ಆದರೆ ಕೆಲಸವನ್ನು ಸ್ವಂತ ಸಿಬ್ಬಂದಿಯಿಂದಲೇ ಮಾಡಿಸಬೇಕೆಂದು ಎಲ್ಲೂ ಬರೆದಿಲ್ಲ. ಮದುವೆಯ ಮನೆಯ ಯಜಮಾನನಿಗೆ ಊಟ ಹಾಕಿಸುವ ಹೊಣೆಯಿದ್ದರೂ ಸೌಟು ಹಿಡಿಯುವವನು ಅಡುಗೆ ಭಟ್ಟನಾಗಿರುವಂತೆ ಇದು. ಆದರೆ ಅಕ್ಕಿ ಎಷ್ಟು ಬೇಕೆಂಬುದೇ ಗೊತ್ತಿಲ್ಲದ ಯಜಮಾನನಿಗೆ ಭಟ್ಟ ಕೊಟ್ಟ ಚೀಟಿಯೇ ವೇದವಾಗುತ್ತದೆ.

ಇನ್ನು ಸ್ಪರ್ಧೆ. ತರಕಾರಿ ಮಂಡಈಯಲ್ಲಿ ಕೊತ್ತಂಬರಿ ಮಾರುವವರು ಹತ್ತು ಜನರಿದ್ದರೆ ಗಿರಾಕಿಗೆ ಲಾಭ, ಅದರಲ್ಲಿ ಸಂದೇಹವಿಲ್ಲ. ಆದರೆ ಒಂದೇ ಬೀದಿಯ ಕಸ ಎತ್ತಲು ಮೂರು ಕಂಪನಿಗಳ ಮೂರು ಗಾಡಿಗಳು ಬಂದರೆ, ಪ್ರತಿಯೊಂದು ಗಾಡಿಯೂ ಇಡೀ ಬೀದಿ ಸುತ್ತಿ ಮೂರರಲ್ಲೊಂದು ಮನೆಯ ಬುಟ್ಟಿ ಮಾತ್ರ ತುಂಬಿಕೊಳ್ಳುತ್ತದೆ. ಡೀಸೆಲ್ ಮೂರು ಪಾಲು, ಚಾಲಕರು ಮೂವರು, ಕಸ ಮಾತ್ರ ಅಷ್ಟೇ. ಅಂಚೆಯವನಂತೆ ಕಸದವನಿಗೂ ಒತ್ತಾಗಿರುವ ಮನೆಗಳ ಸಾಲಿನಲ್ಲಿಯೇ ಮಿತವ್ಯಯ. ಆದ್ದರಿಂದ ಇಲ್ಲಿ ಸಾಧ್ಯವಿರುವುದು ಬೀದಿಯ ಒಳಗಿನ ಸ್ಪರ್ಧೆಯಲ್ಲ, ಬೀದಿಗಾಗಿ ಸ್ಪರ್ಧೆ: ಯಾರು ಕಡಿಮೆ ದರಕ್ಕೆ, ಒಳ್ಳೆಯ ಶರತ್ತಿಗೆ ಒಪ್ಪುತ್ತಾರೋ ಅವರಿಗೆ ಕೆಲವು ವರ್ಷದ ಮಟ್ಟಿಗೆ ಇಡೀ ಬೀದಿ. ಈ ವ್ಯತ್ಯಾಸವನ್ನು 1859ರಲ್ಲಿಯೇ ಸ್ಪಷ್ಟವಾಗಿ ಬರೆದಿಟ್ಟವನು ಇಂಗ್ಲೆಂಡಿನ ಎಡ್ವಿನ್ ಚಾಡ್ವಿಕ್. ಕಾರ್ಮಿಕರ ಕೇರಿಗಳ ನೈರ್ಮಲ್ಯದ ಬಗ್ಗೆ 1842ರಲ್ಲಿ ಹೆಸರಾಂತ ವರದಿ ಬರೆದವನೂ ಇವನೇ. ನಮ್ಮ ಪಾಲಿಕೆಗಳು ಇಂದು ಟೆಂಡರ್ ಎಂದು ಕರೆಯುವುದು ಚಾಡ್ವಿಕ್ ಹೇಳಿದ ಆ ಎರಡನೆಯ ಬಗೆಯ ಸ್ಪರ್ಧೆಯನ್ನು.

ಬೀದಿಗಾಗಿ ನಡೆಯುವ ಸ್ಪರ್ಧೆಯಲ್ಲಿ ಒಂದು ತೊಡಕಿದೆ. ಸ್ಪರ್ಧೆ ನಡೆಯುವುದು ಒಂದು ದಿನ, ಲಕೋಟೆ ಒಡೆಯುವ ದಿನ. ಮರುದಿನದಿಂದ ಐದು ಅಥವಾ ಏಳು ವರ್ಷ ಗೆದ್ದವನದೇ ಏಕಸ್ವಾಮ್ಯ. ಅವಧಿ ಚಿಕ್ಕದಾದರೆ ಹೊಸ ಗಾಡಿ ಕೊಳ್ಳಲು ಯಾರೂ ಮುಂದಾಗುವುದಿಲ್ಲ, ತುಕ್ಕು ಹಿಡಿದ ಡಂಪರ್‌ಗಳೇ ಬಣ್ಣ ಹೊಡೆಸಿಕೊಂಡು ಬರುತ್ತವೆ. ದೊಡ್ಡದಾದರೆ ಪಾಲಿಕೆಯ ಸ್ವಂತ ಗಾಡಿಗಳು ಅಷ್ಟರಲ್ಲಿ ಗುಜರಿಗೆ ಹೋಗಿ, ಚಾಲಕರು ನಿವೃತ್ತರಾಗಿ, ಮುಂದಿನ ಟೆಂಡರಿನ ಹೊತ್ತಿಗೆ ಪಾಲಿಕೆ ಬರಿಗೈಯಲ್ಲಿರುತ್ತದೆ. ಆಗ ಹಳೆಯ ಗುತ್ತಿಗೆದಾರ ದರ ಏರಿಸಿದರೆ "ಆಗುವುದಿಲ್ಲ" ಎನ್ನುವ ಧೈರ್ಯ ಯಾವ ಆಯುಕ್ತರಿಗೂ ಬರುವುದಿಲ್ಲ, ಏಕೆಂದರೆ ಮೂರನೆಯ ದಿನ ಊರು ನಾರುತ್ತದೆ. ಕಡತಗಳಲ್ಲಿ "ತಾತ್ಪೂರ್ತಿ ಮುದತವಾಢ", ಅಂದರೆ ತಾತ್ಕಾಲಿಕ ಅವಧಿ ವಿಸ್ತರಣೆ, ಎಂಬ ಟಿಪ್ಪಣಿಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮೂರು ತಿಂಗಳಿಗೆಂದು ಆರಂಭವಾದ ವಿಸ್ತರಣೆ ಮೂರು ವರ್ಷವಾದದ್ದನ್ನೂ ಕಂಡಿದ್ದೇನೆ.

ತೊಡಕು ದರದಲ್ಲಿ ಮಾತ್ರವಲ್ಲ, ದರದ ಅಳತೆಗೋಲಿನಲ್ಲಿಯೂ ಇದೆ. ನಮ್ಮ ದೇಶದ ಹೆಚ್ಚಿನ ಗುತ್ತಿಗೆಗಳು ಟನ್ನಿನ ಲೆಕ್ಕದವು: ಎಷ್ಟು ತೂಕ ಸಾಗಿಸಿದೆಯೋ ಅಷ್ಟು ಹಣ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ತೂಕಕ್ಕೆ ಹಣ ಕೊಟ್ಟರೆ ನಮಗೆ ಸಿಗುವುದು ತೂಕವೇ ಹೊರತು ಶುಚಿತ್ವವಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಊರೊಳಗೇ ಗೊಬ್ಬರ ಮಾಡಿದರೆ ಗುತ್ತಿಗೆದಾರನಿಗೆ ನಷ್ಟ. ಮಳೆಯಲ್ಲಿ ನೆನೆದ ಕಸಕ್ಕೆ ಲಾಭ. ಕೆಡವಿದ ಕಟ್ಟಡದ ಇಟ್ಟಿಗೆ, ಮಣ್ಣು ಬೆರೆತರಂತೂ ಹಬ್ಬ. ಒಮ್ಮೆ ಒಂದು ಊರಿನ ಕಾಟಾ ಚೀಟಿಗಳ, ಅಂದರೆ ಗಾಡಿಯ ತೂಕ ಬರೆದ ಚೀಟಿಗಳ, ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟರು. ಊರಿನ ಹೆಸರು ಬೇಡ, ನಾನು ಸಹಿ ಮಾಡಿದ ಕಾಗದಗಳು ಅಲ್ಲಿ ಇನ್ನೂ ಇವೆ. ಸಣಬಿನ ದಾರದಲ್ಲಿ ಕಟ್ಟಿದ ತೆಳು ಗುಲಾಬಿ ಚೀಟಿಗಳು, ಕೆಲವಕ್ಕೆ ಎಣ್ಣೆಯ ಬೆರಳ ಗುರುತು. ಒಂದೇ ಗಾಡಿ, ಒಂದೇ ದಿನ, ನಾಲ್ಕು ಖೇಪು. ನಾಲ್ಕು ಚೀಟಿಗಳಲ್ಲಿಯೂ ತೂಕ ಕಿಲೋದವರೆಗೆ ಒಂದೇ. ಕಸ ಅಷ್ಟು ಶಿಸ್ತಿನ ಪದಾರ್ಥವಲ್ಲ. ಕಾಟಾ ನಡೆಸುವವನನ್ನು ಕರೆಸಿ ಕೇಳಿದಾಗ ಅವನು ಬಹಳ ವಿನಯದಿಂದ, ಯಂತ್ರ ಕೆಟ್ಟಿತ್ತು, ಆದ್ದರಿಂದ ಸರಾಸರಿ ಬರೆದೆವು ಎಂದ. ಯಂತ್ರ ಎಷ್ಟು ದಿನದಿಂದ ಕೆಟ್ಟಿದೆ ಎಂದರೆ, "ಸಾಹೇಬ್, ಮಳೆಗಾಲದಿಂದ" ಎಂದ. ಆಗ ಮಾರ್ಚ್ ತಿಂಗಳು.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಕೆಲವರು, ಹಾಗಾದರೆ ಖಾಸಗಿಯವರು ಬೇಡ, ಪಾಲಿಕೆಯೇ ಸರಿ ಎನ್ನಬಹುದು. ಅಲ್ಲಿಯೂ ನನ್ನ ಲೆಕ್ಕದ ಮನಸ್ಸು ಒಪ್ಪುವುದಿಲ್ಲ. ಪಾಲಿಕೆಯ ಗಾಡಿ ವರ್ಕ್‌ಶಾಪಿನಲ್ಲಿ ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ನಿಂತದ್ದನ್ನು, ಹಾಜರಿ ಪುಸ್ತಕದಲ್ಲಿ ಇದ್ದವರು ಬೀದಿಯಲ್ಲಿ ಇಲ್ಲದ್ದನ್ನು ನೋಡಿಯೇ ಜನ ಖಾಸಗಿಯ ಕಡೆ ಮುಖ ಮಾಡಿದ್ದು. ಇದಕ್ಕಿಂತ ದೊಡ್ಡ ದೋಷ, ಕಸಕ್ಕೆ ತನಗೆ ಎಷ್ಟು ಖರ್ಚಾಗುತ್ತದೆ ಎಂಬುದನ್ನು ನಮ್ಮ ಹೆಚ್ಚಿನ ಪಾಲಿಕೆಗಳು ಹೇಳಲಾರವು. ಸಂಬಳ ಒಂದು ಶೀರ್ಷಿಕೆಯಲ್ಲಿ, ಡೀಸೆಲ್ ಇನ್ನೊಂದರಲ್ಲಿ, ಗಾಡಿಯ ಖರೀದಿ ಬಂಡವಾಳ ಖಾತೆಯಲ್ಲಿ, ಪಿಂಚಣಿ ಎಲ್ಲಿಯೋ ದೂರದಲ್ಲಿ. ಖಾಸಗಿಯವನ ದರವೋ ಒಂದೇ ಸಾಲು, ಅಚ್ಚುಕಟ್ಟು. ಆದರೆ ಅವನ ಮೇಲೆ ಕಣ್ಣಿಡುವ ಇನ್‌ಸ್ಪೆಕ್ಟರನ ಸಂಬಳ, ಅವನು ಕೈಬಿಟ್ಟು ಹೋದರೆ ತುರ್ತು ಬಾಡಿಗೆ ಗಾಡಿಗಳ ವೆಚ್ಚ ಆ ಸಾಲಿನಲ್ಲಿ ಇರುವುದಿಲ್ಲ. ಒಂದು ಕಡೆ ಅರ್ಧ ಲೆಕ್ಕ, ಇನ್ನೊಂದು ಕಡೆ ಮುಕ್ಕಾಲು ಲೆಕ್ಕ, ಎರಡನ್ನೂ ಹೋಲಿಸಿ ಠರಾವು ಪಾಸು. ನಮ್ಮಲ್ಲಿ ನಡೆಯುವ ವಾದದ ಬಹುಪಾಲು ಇಂಥ ಹೋಲಿಕೆಯ ಮೇಲೆ ನಿಂತಿದೆ.

ಈ ಹೋಲಿಕೆಯನ್ನು ಸರಿಯಾಗಿ ಮಾಡಿದ ಊರುಗಳೂ ಇವೆ. ಅಮೆರಿಕದ ಅರಿಝೋನಾದಲ್ಲಿ ಫೀನಿಕ್ಸ್ ಎಂಬ ನಗರವಿದೆ. ಅಲ್ಲಿಯ ಪಾಲಿಕೆ 1970ರ ದಶಕದ ಕೊನೆಗೆ ಊರನ್ನು ವಿಭಾಗಗಳಾಗಿ ಒಡೆದು, ಒಂದೊಂದಕ್ಕೂ ಟೆಂಡರ್ ಕರೆದು, ತನ್ನದೇ ಕಸ ವಿಭಾಗಕ್ಕೂ ಖಾಸಗಿಯವರ ಎದುರು ಲಕೋಟೆ ಹಾಕಲು ಹೇಳಿತು. ಪಾಲಿಕೆಯ ವಿಭಾಗದ ಖರ್ಚನ್ನು ನಗರದ ಲೆಕ್ಕಪರಿಶೋಧಕರ ಕಚೇರಿಯೇ ಪರಿಶೀಲಿಸುತ್ತಿತ್ತು. ನನ್ನಂಥವನಿಗೆ ಅತ್ಯಂತ ಪ್ರಿಯವಾದ ಅಂಶ ಇದು, ಕ್ಷಮಿಸಿ. ಮೊದಲ ಸುತ್ತುಗಳಲ್ಲಿ ಪಾಲಿಕೆಯವರು ಸೋತರು. ಸೋತವರು ಮುಷ್ಕರ ಹೂಡಿ ಕೂರಲಿಲ್ಲ. ಚಾಲಕರೂ ಮೇಲ್ವಿಚಾರಕರೂ ಕೂತು ಮಾರ್ಗಗಳನ್ನು ಬದಲಿಸಿದರು, ಒಬ್ಬನೇ ಚಾಲಕ ನಡೆಸಬಲ್ಲ ಯಾಂತ್ರಿಕ ತೋಳಿನ ಗಾಡಿಗಳನ್ನು ತಂದರು. 1980ರ ದಶಕದಲ್ಲಿ ಕಳೆದುಕೊಂಡ ವಿಭಾಗಗಳನ್ನು ಟೆಂಡರಿನಲ್ಲಿಯೇ ಗೆದ್ದು ಹಿಂದಕ್ಕೆ ಪಡೆದರು. ಗಮನಿಸಿ, ಇಡೀ ಊರನ್ನು ಒಮ್ಮೆಗೇ ಹರಾಜಿಗೆ ಇಟ್ಟಿರಲಿಲ್ಲ. ಸೋತಾಗಲೂ ಪಾಲಿಕೆಯ ಕೈಯಲ್ಲಿ ಕೆಲವು ಬೀದಿ, ಕೆಲವು ಗಾಡಿ ಉಳಿದಿದ್ದವು; ಕಲಿಯಲು ಅವೇ ಸಾಕಾದವು.

ಬ್ರಿಟನ್ನಿನ ಕಥೆ ಸ್ವಲ್ಪ ಬೇರೆ. ಥ್ಯಾಚರ್ ಸರ್ಕಾರ 1988ರ ಕಾಯ್ದೆಯ ಮೂಲಕ ಕಸ ಸಂಗ್ರಹಕ್ಕೆ ಟೆಂಡರ್ ಕರೆಯುವುದನ್ನು ಸ್ಥಳೀಯ ಸಂಸ್ಥೆಗಳಿಗೆ ಕಡ್ಡಾಯ ಮಾಡಿತು. ಅದಕ್ಕೂ ಮೊದಲೇ, ತಾವಾಗಿಯೇ ಟೆಂಡರ್ ಕರೆದ ಊರುಗಳನ್ನು ನೋಡಿ 1986ರಲ್ಲಿ ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದ್ದರು. ಖರ್ಚು ಶೇಕಡಾ 20ರ ಆಸುಪಾಸಿನಲ್ಲಿ ಇಳಿದಿತ್ತು. ಖಾಸಗಿಯವರು ಗೆದ್ದ ಊರುಗಳಲ್ಲಿ ಮಾತ್ರವಲ್ಲ, ಟೆಂಡರಿನಲ್ಲಿ ಪಾಲಿಕೆಯ ಸ್ವಂತ ಸಿಬ್ಬಂದಿಯೇ ಗೆದ್ದ ಊರುಗಳಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಉಳಿತಾಯ ಮಾಡಿಸಿದ್ದು ಒಡೆತನವಲ್ಲ, ಮಗ್ಗುಲಲ್ಲಿ ಇನ್ನೊಬ್ಬ ನಿಂತಿದ್ದಾನೆ ಎಂಬ ಅರಿವು. ಆ ಉಳಿತಾಯ ಕಾರ್ಮಿಕರ ಕೂಲಿ, ಸವಲತ್ತುಗಳನ್ನು ಕತ್ತರಿಸಿ ಬಂದದ್ದು ಎಂಬ ಟೀಕೆಯೂ ಆಗಲೇ ಬಂತು, ಅದನ್ನು ತಳ್ಳಿಹಾಕುವಂತಿಲ್ಲ. 1999ರ ಕಾಯ್ದೆ ಆ ಕಡ್ಡಾಯವನ್ನು ತೆಗೆದುಹಾಕಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ 2010ರ ಒಂದು ಸಂಶೋಧನೆ, ಕಸ ಮತ್ತು ನೀರಿನ ಸೇವೆಯಲ್ಲಿ ಖಾಸಗಿ ಎಂದಮಾತ್ರಕ್ಕೆ ಅಗ್ಗ ಎನ್ನಲು ಆಧಾರವಿಲ್ಲವೆಂದಿತು.

ಕೂಲಿಯ ಮಾತು ಬಂದದ್ದರಿಂದ ಮುಂಬಯಿಗೆ ಹೋಗೋಣ. ಅಲ್ಲಿ 1990ರ ದಶಕದಿಂದ ಗುತ್ತಿಗೆಯ ಕಸ ಕಾರ್ಮಿಕರ ಸಂಖ್ಯೆ ಏರುತ್ತ ಹೋಯಿತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಗುತ್ತಿಗೆದಾರರಿಗೆ ಅನ್ವಯಿಸುತ್ತಿತ್ತು. ಹಾಗೆಂದು ಕೆಲಸವನ್ನು ಇಪ್ಪತ್ತರ ಗೆರೆಯ ಕೆಳಗೆ ಉಳಿಯುವ ಸಣ್ಣ ಸಣ್ಣ ತುಂಡುಗಳಾಗಿ ಒಡೆಯುವ ಒಂದು ಪದ್ಧತಿಯೇ ಹುಟ್ಟಿಕೊಂಡಿತು. ಅದಕ್ಕೆ "ಹೈದರಾಬಾದ್ ಪ್ಯಾಟರ್ನ್" ಎಂಬ ಹೆಸರು. ಕೆಲವು ಕಡೆ ಕಾರ್ಮಿಕನನ್ನು ಕಾರ್ಮಿಕನೆನ್ನದೆ "ಸ್ವಯಂಸೇವಕ" ಎಂದರು, ಅವನ ಕೂಲಿಗೆ "ಮಾನಧನ" ಎಂದರು. ಭಾಷೆಗೆ ಇಷ್ಟು ಕೆಲಸ ಕೊಟ್ಟವರು ಕವಿಗಳೂ ಇರಲಾರರು. ಕಚರಾ ವಾಹತುಕ ಶ್ರಮಿಕ ಸಂಘವು ಕೈಗಾರಿಕಾ ನ್ಯಾಯಮಂಡಳಿಯಿಂದ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋರಾಡಿ, 2017ರ ಏಪ್ರಿಲ್‌ನಲ್ಲಿ 2,700 ಕಾರ್ಮಿಕರನ್ನು ಬೃಹನ್ಮುಂಬಯಿ ಪಾಲಿಕೆಯ ಕಾಯಂ ನೌಕರರೆಂದು ಪರಿಗಣಿಸಬೇಕೆಂಬ ಆದೇಶವನ್ನು ಉಳಿಸಿಕೊಂಡಿತು. ಟೆಂಡರಿನಲ್ಲಿ ಅಗ್ಗವೆಂದು ಕಂಡದ್ದರ ಬಾಕಿ ಬಿಲ್ಲು ಹತ್ತಾರು ವರ್ಷದ ಮೇಲೆ ಬಂದದ್ದು ಹೀಗೆ. ಲೆಕ್ಕದವರ ಭಾಷೆಯಲ್ಲಿ ಇದು ಉಳಿತಾಯವಲ್ಲ, ಮರೆಮಾಚಿದ ಸಾಲ. ಇಷ್ಟಾದ ಮೇಲೆಯೂ 2025ರಲ್ಲಿ ಅದೇ ಪಾಲಿಕೆ, ಗಾಡಿಯ ಜೊತೆಗೆ ಕಾರ್ಮಿಕರನ್ನೂ ಗುತ್ತಿಗೆದಾರರೇ ಒದಗಿಸುವ ದೊಡ್ಡ ಟೆಂಡರನ್ನು ಮುಂದಿಟ್ಟಿತು, ಕಾರ್ಮಿಕ ಸಂಘಟನೆಗಳು ಮುಷ್ಕರದ ಎಚ್ಚರಿಕೆ ಕೊಟ್ಟವು.

ಮುಂಬಯಿಯಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಕೊನೆಯ ಬಾಗಿಲಿನದು, ಅಂದರೆ ಕಸ ಕೊನೆಗೆ ಹೋಗಿ ಸೇರುವ ಜಾಗದ್ದು. 1927ರಲ್ಲಿ ಆರಂಭವಾದ ದೇವನಾರ್ ಡಂಪಿಂಗ್ ಮೈದಾನಕ್ಕೆ 2016ರ ಜನವರಿಯಲ್ಲಿ ಬೆಂಕಿ ಬಿದ್ದು ಹೊಗೆ ಇಡೀ ನಗರವನ್ನು ಕವಿದದ್ದು ನಿಮಗೆ ನೆನಪಿರಬಹುದು. ಮುಲುಂಡಿನ ಮೈದಾನ 2018ರಲ್ಲಿ ಮುಚ್ಚಿತು. ದಿನಕ್ಕೆ ಸುಮಾರು 6,000 ಟನ್ನಿನ ಮೇಲಿರುವ ಆ ಮಹಾನಗರದ ಕಸದ ಬಹುಪಾಲು ಈಗ ಹೋಗುವುದು ಕಾಂಜೂರ್‌ಮಾರ್ಗದ ಒಂದೇ ಜಾಗಕ್ಕೆ, ಅದನ್ನು ನಡೆಸುವುದು ದೀರ್ಘಾವಧಿಯ ಗುತ್ತಿಗೆಯಲ್ಲಿ ಒಂದೇ ಖಾಸಗಿ ಕಂಪನಿ. ಬೀದಿಯಲ್ಲಿ ಎಷ್ಟು ಲಕೋಟೆ ಒಡೆದರೂ ಕೊನೆಯ ಬಾಗಿಲು ಒಂದೇ ಆದರೆ ಸ್ಪರ್ಧೆ ಅಲ್ಲಿಗೆ ನಿಂತಿತು. ಗೋವೆಯಲ್ಲಿ 2016ರಲ್ಲಿ ಆರಂಭವಾದ ಸಾಳಗಾಂವ್ ಘಟಕ ಸರ್ಕಾರದ ಹಣ, ಖಾಸಗಿಯ ನಿರ್ವಹಣೆ ಎಂಬ ಕ್ರಮದ್ದು. ಕಡಲ ತೀರದ ಹೋಟೆಲುಗಳ ಹಸಿ ಕಸಕ್ಕೆ ಅದು ಒಗ್ಗಿಕೊಂಡಿದೆ. ಸಂಸ್ಕರಣೆಗೆ ಯಂತ್ರ, ಬಂಡವಾಳ, ತಂತ್ರಜ್ಞಾನ ಬೇಕಾದ್ದರಿಂದ ಅಲ್ಲಿ ಖಾಸಗಿಯವರಿಗೆ ಸಹಜವಾದ ಜಾಗವಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಮನೆಬಾಗಿಲಿನ ಸಂಗ್ರಹದ ವಿಷಯ ಹಾಗಲ್ಲ.

ಇನ್ನು ನಮ್ಮೂರಿಗೆ, ಪುಣೆಗೆ. ಇಲ್ಲಿ ಪಾಲಿಕೆ ಮತ್ತು ಖಾಸಗಿ ಎಂಬ ಇಬ್ಬರ ನಡುವೆ ಮೂರನೆಯವರೊಬ್ಬರು ಮೊದಲಿಂದಲೂ ಇದ್ದರು, ಯಾರ ಲೆಕ್ಕದಲ್ಲೂ ಇರಲಿಲ್ಲ. 1972ರ ಬರಗಾಲದಲ್ಲಿ ಮರಾಠವಾಡ, ಸೋಲಾಪುರ ಕಡೆಯಿಂದ ಬಂದ ದಲಿತ ಕುಟುಂಬಗಳ ಹೆಂಗಸರು ಕಸದ ತೊಟ್ಟಿಗಳಿಂದ ಕಾಗದ, ಗಾಜು, ತಗಡು ಆಯ್ದು ಭಂಗಾರದ, ಅಂದರೆ ಗುಜರಿಯ, ಅಂಗಡಿಗೆ ಮಾರಿ ಬದುಕುತ್ತಿದ್ದರು. 1993ರಲ್ಲಿ ಇವರು ಸಂಘ ಕಟ್ಟಿಕೊಂಡರು. ಕಾಗದ ಕಾಚ್ ಪತ್ರಾ ಕಷ್ಟಕರೀ ಪಂಚಾಯತ್ ಎಂಬ ಅದರ ಹೆಸರಿನಲ್ಲಿಯೇ ಅವರು ಆಯುವ ಕಾಗದ, ಗಾಜು, ತಗಡು ಮೂರೂ ಇವೆ. ಹಮಾಲರನ್ನು ಸಂಘಟಿಸಿದ್ದ ಬಾಬಾ ಆಢಾವ್ ಅವರು ಬೆನ್ನಿಗೆ ನಿಂತರು. ಸಂಘ ಕೊಟ್ಟ ಗುರುತಿನ ಚೀಟಿಗೆ 1990ರ ದಶಕದ ನಡುವೆ ಪುಣೆ ಪಾಲಿಕೆ ಮೊಹರು ಹಾಕಿತು. 2007ರಲ್ಲಿ ಇವರದೇ ಸಹಕಾರ ಸಂಸ್ಥೆ "ಸ್ವಚ್ಛ್" ನೋಂದಣಿಯಾಯಿತು, 2008ರಲ್ಲಿ ಪಾಲಿಕೆ ಅದರ ಜೊತೆ ಮನೆಮನೆ ಸಂಗ್ರಹದ ಒಪ್ಪಂದ ಮಾಡಿಕೊಂಡಿತು. ಇಂದು ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸದಸ್ಯರು, ಬಹುಪಾಲು ಹೆಂಗಸರು. ಮನೆಯವರು ತಿಂಗಳ ಶುಲ್ಕವನ್ನು ನೇರವಾಗಿ ಸಂಗ್ರಹಿಸುವವಳ ಕೈಗೆ ಕೊಡುತ್ತಾರೆ. ಒಣ ಕಸದಲ್ಲಿ ಮಾರಬಹುದಾದದ್ದು ಅವಳದು. ಗಾಡಿ, ಬುಟ್ಟಿ, ಮೇಲ್ವಿಚಾರಣೆಯ ಖರ್ಚು ಪಾಲಿಕೆಯದು.

ನಮ್ಮ ಕಟ್ಟಡಕ್ಕೆ ಬರುವ ಹೆಂಗಸು ಇಂಡಿ ತಾಲೂಕಿನವಳು, ಸೋಲಾಪುರದ ಕಡೆ ಕೊಟ್ಟು, ಅಲ್ಲಿಂದ ಇಲ್ಲಿಗೆ ಬಂದವಳು. ಉಳಿದ ಮನೆಯವರು ಅವಳನ್ನು ಮರಾಠಿಯಲ್ಲಿ "ತಾಈ" ಎನ್ನುತ್ತಾರೆ. ಅದರ ಅರ್ಥ ಅಕ್ಕ, ಆದರೆ ನಮ್ಮ ಕಿವಿಗೆ ಅದು ತಾಯಿ ಎಂದೇ ಬೀಳುತ್ತದೆ. ಬೆಳಿಗ್ಗೆ ಏಳೂವರೆಗೆ ಕೆಳಗೆ ಢಕಲ್‌ಗಾಡಿ (ತಳ್ಳುಗಾಡಿ) ನಿಲ್ಲಿಸಿ, ಹೆಗಲಿಗೊಂದು ಪ್ಲಾಸ್ಟಿಕ್ ಬುಟ್ಟಿ ಸಿಕ್ಕಿಸಿಕೊಂಡು ಮೇಲಿನ ಮಾಳಿಗೆಯಿಂದ ಇಳಿಯುತ್ತ ಬರುತ್ತಾಳೆ. ಓಲಾ, ಸುಕಾ, ಅಂದರೆ ಹಸಿ, ಒಣ ಬೇರೆ ಮಾಡಿ ಕೊಡದಿದ್ದರೆ ಬುಟ್ಟಿಯನ್ನು ಬಾಗಿಲಲ್ಲೇ ಬಿಟ್ಟು ಹೋಗುತ್ತಾಳೆ, ಮಾತಾಡುವುದಿಲ್ಲ. ಆ ಮೌನಕ್ಕೆ ಹೆದರಿ ನಮ್ಮ ನೆರೆಮನೆಯ ಕರ್ನಲ್ ಸಾಹೇಬರು ಕಸ ವಿಂಗಡಿಸಲು ಕಲಿತರು. ಪಾಲಿಕೆ ಸ್ವಚ್ಛ್ ಬದಲು ಕಂಪನಿಯೊಂದಕ್ಕೆ ಕೊಡುತ್ತದಂತೆ ಎಂಬ ಸುದ್ದಿ ಕೆಲವು ವರ್ಷದ ಹಿಂದೆ ಜೋರಾಗಿದ್ದಾಗ ನಾನು ಅವಳನ್ನು ಕೇಳಿದೆ. ಅವಳು ಮೆಟ್ಟಿಲ ಮೇಲೆ ಪುಠ್ಠಾ (ರಟ್ಟು) ಮಡಚುತ್ತ ಅಂದಳು: "ಬರ್ಲಿ ಬಿಡ್ರಿ ಕಾಕಾರ, ಗಾಡಿ. ಅದು ಮೂರನೇ ಮಾಳಿಗಿ ಹತ್ತತೈತೇನ್ರಿ?" ಆಮೇಲೆ ಸ್ವಲ್ಪ ತಡೆದು, "ಈ ಪುಠ್ಠಾ, ಬಾಟ್ಲಿ ಎಲ್ಲಾ ಅದರ ಹೊಟ್ಟ್ಯಾಗ ಹೋದ್ರ ನನಗೇನ್ ಉಳಿತೈತ್ರಿ, ಬರೇ ನಿಮ್ಮ ಅನ್ನದ ಗಂಜಿ" ಎಂದಳು.

ಈ ಎರಡನೆಯ ಮಾತು ಯಾವ ಅರ್ಥಶಾಸ್ತ್ರದ ಪುಸ್ತಕಕ್ಕೂ ಕಡಿಮೆಯಲ್ಲ. ಕಸದಲ್ಲಿ ನಿಜವಾದ ಸ್ಪರ್ಧೆ ಬೀದಿಗಾಗಿ ಮಾತ್ರವಲ್ಲ, ಆ ಪುಠ್ಠಾಕ್ಕಾಗಿಯೂ ನಡೆಯುತ್ತದೆ. ಟೆಂಡರಿನಲ್ಲಿ "ಸಂಗ್ರಹವಾದ ಕಸದ ಒಡೆತನ ಗುತ್ತಿಗೆದಾರನದು" ಎಂಬ ಒಂದು ಸಾಲು ಸೇರಿದರೆ, ಸಾವಿರಾರು ಹೆಂಗಸರ ಆದಾಯ ಒಂದು ರಾತ್ರಿಯಲ್ಲಿ ಕೈ ಬದಲಾಗುತ್ತದೆ, ಅದಕ್ಕೆ ಯಾವ ಪರಿಹಾರದ ಕಾಲಮ್ಮೂ ಇರುವುದಿಲ್ಲ. ನಮ್ಮ ಪಕ್ಕದ ಪಿಂಪ್ರಿ-ಚಿಂಚ್‌ವಡದಲ್ಲಿ, ಮೋಶಿಯಲ್ಲಿ, ಕಸದಿಂದ ವಿದ್ಯುತ್ ತೆಗೆಯುವ ಘಟಕವನ್ನು 2023ರ ಆಗಸ್ಟ್ 1ರಂದು ಪ್ರಧಾನಿಗಳು ಉದ್ಘಾಟಿಸಿದರು. ಇಂಥ ಘಟಕದ ಒಲೆಗೆ ಚೆನ್ನಾಗಿ ಉರಿಯುವ ಕಸ ಬೇಕು. ಚೆನ್ನಾಗಿ ಉರಿಯುವುದು ಕಾಗದ ಮತ್ತು ಪ್ಲಾಸ್ಟಿಕ್, ಚೆನ್ನಾಗಿ ಮಾರಾಟವಾಗುವುದೂ ಅವೇ. ಮರುಬಳಕೆ ಆಗದ ಕಸ ಮಾತ್ರ ಒಲೆಗೆ ಹೋಗಬೇಕೆಂಬುದು 2016ರ ನಿಯಮಗಳ ಆಶಯವಾಗಿತ್ತು. ಯಾವುದು ಆಗದ್ದು ಎಂದು ನಿತ್ಯ ಬೆಳಿಗ್ಗೆ ಯಾರು ತೀರ್ಮಾನಿಸುತ್ತಾರೆ ಎಂಬುದರಲ್ಲಿ ಉಳಿದೆಲ್ಲ ಅಡಗಿದೆ.

ಸ್ವಚ್ಛ್ ಬಗ್ಗೆ ಬರೀ ಹೊಗಳಿಕೆ ಮಾಡಿ ಮುಗಿಸಿದರೆ ನಾನು ತಪಾಸಣೆಯ ಕೆಲಸಕ್ಕೆ ದ್ರೋಹ ಮಾಡಿದಂತೆ. ಈ ಪದ್ಧತಿ ಪಾಲಿಕೆಗೆ ಅಗ್ಗವಾಗಿರುವುದು ಅದರ ಒಂದು ಭಾಗದ ಖರ್ಚನ್ನು ಆ ಹೆಂಗಸರೇ ಹೊತ್ತಿರುವುದರಿಂದ. ಅವರಿಗೆ ತಿಂಗಳ ಖಾತ್ರಿ ಸಂಬಳವಿಲ್ಲ, ಪಾಲಿಕೆಯ ಪಿಂಚಣಿಯಿಲ್ಲ. ನಾವು ಊರಿಗೆ ಹೋದ ತಿಂಗಳು ಶುಲ್ಕ ಕೊಡದಿದ್ದರೆ ಅವರದೇ ನಷ್ಟ. ರದ್ದಿಯ ಬೆಲೆ ಬಿದ್ದರೆ ಅದೂ ಅವರದೇ. ಹಬ್ಬದ ಮರುದಿನ, ಕಸ ದುಪ್ಪಟ್ಟಾಗಿರುವ ದಿನವೇ ಅವರು ಬಾರದಿರುವುದೂ ಉಂಟು, ಬದಲಿ ವ್ಯವಸ್ಥೆ ದುರ್ಬಲ. ಮುಂಬಯಿಯ ಕಾರ್ಮಿಕರ ತೀರ್ಪನ್ನು ಒಪ್ಪುವವನು ಈ ಕೊರತೆಯನ್ನು ಸುಮ್ಮನೆ ದಾಟುವಂತಿಲ್ಲ. ಸಭೆಯಲ್ಲಿ ಒಬ್ಬರು, ಹಾಗಾದರೆ ಎಲ್ಲರನ್ನೂ ಕಾಯಂ ಮಾಡಬಾರದೇಕೆ ಎಂದು ಕೇಳಿದರು. ಮಾಡಬಹುದು. ಆದರೆ ಅವಳಿಗೆ ಇಂದು ಇರುವ, ನನ್ನ ಬುಟ್ಟಿಯನ್ನು ಬಾಗಿಲಲ್ಲೇ ಬಿಟ್ಟು ಹೋಗುವ ಆ ಹಕ್ಕು ಕಾಯಂ ನೌಕರಳಾದ ಮೇಲೆಯೂ ಉಳಿಯುತ್ತದೆಯೆ ಎಂಬ ಅನುಮಾನ ನನಗಿದೆ, ಆಕೆಗೂ ಇರಬಹುದು.

ಬೆಂಗಳೂರಿನಲ್ಲಿ ಮಕ್ಕಳಿರುವವರು ಇಲ್ಲಿ ಅನೇಕರಿದ್ದೀರಿ. 2012ರಲ್ಲಿ ಮಾವಳ್ಳಿಪುರದ ಭೂಭರ್ತಿ ಮುಚ್ಚಿದಾಗ ಅಲ್ಲಿ ಆದದ್ದನ್ನು ನೀವು ಫೋನಿನಲ್ಲಿ ಕೇಳಿದ್ದೀರಿ. ವಾರ್ಡು ವಾರ್ಡಿಗೂ ಗುತ್ತಿಗೆದಾರರಿದ್ದ ಊರು ಅದು, ಆದರೂ ಕಸ ಬೀದಿಯಲ್ಲೇ ಉಳಿಯಿತು. ಗುತ್ತಿಗೆದಾರರ ಸಂಖ್ಯೆಗೂ ಸ್ಪರ್ಧೆಗೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಕೊನೆಗೆ ನಮ್ಮದೇ ಸೊಸೈಟಿಯ ಮಾತು. 2016ರ ನಿಯಮಗಳ ಪ್ರಕಾರ ದಿನಕ್ಕೆ ಸರಾಸರಿ 100 ಕಿಲೋ ಮೀರಿ ಕಸ ಹುಟ್ಟಿಸುವವರು ದೊಡ್ಡ ಉತ್ಪಾದಕರಾಗಿದ್ದರು. ಹಸಿ ಕಸವನ್ನು ಆದಷ್ಟೂ ತಮ್ಮ ಆವರಣದಲ್ಲೇ ಕರಗಿಸಬೇಕಿತ್ತು. ಗೊಬ್ಬರದ ವ್ಯವಸ್ಥೆ ಮಾಡಿಕೊಂಡರೆ ಪುಣೆ ಪಾಲಿಕೆ ಆಸ್ತಿ ತೆರಿಗೆಯಲ್ಲಿ ಶೇಕಡಾ 5 ರಿಯಾಯಿತಿಯನ್ನೂ ಕೊಡುತ್ತದೆ. ಇದನ್ನು ಕೇಳಿ ನಾವು ಒಂದು ಖಾಸಗಿ ಏಜೆನ್ಸಿಯನ್ನು ನೇಮಿಸಿಕೊಂಡೆವು. ಕಸವನ್ನು ಒಂದೇ ದಿನದಲ್ಲಿ ಗೊಬ್ಬರ ಮಾಡುವ ಯಂತ್ರವೆಂದು ಫ್ರಿಜ್ಜಿನಷ್ಟು ದೊಡ್ಡ ಪೆಟ್ಟಿಗೆ ತಂದಿಟ್ಟರು. ಅದು ಮಾಡುತ್ತಿದ್ದುದು ಕಸವನ್ನು ಬಿಸಿ ಮಾಡಿ ಒಣಗಿಸುವ ಕೆಲಸ. ಕರೆಂಟಿನ ಬಿಲ್ಲು ಏರಿತು, ಹೊರಬಂದ ಪುಡಿಗೆ ಮಳೆಯ ನೀರು ತಾಗಿದೊಡನೆ ಮತ್ತೆ ಸಾರಿನ ವಾಸನೆ. ಕರಾರಿನಲ್ಲಿ ನಾವು ಯಂತ್ರದ ಬಾಡಿಗೆ ಬರೆದಿದ್ದೆವು, ಗೊಬ್ಬರದ ಗುಣ ಬರೆದಿರಲಿಲ್ಲ. ಊರವರ ಕರಾರುಗಳಲ್ಲಿ ತಪ್ಪು ಹುಡುಕಿದವನ ಸ್ವಂತ ಕಟ್ಟಡದಲ್ಲಿ, ಅವನದೇ ಸಹಿಯ ಕೆಳಗೆ ಇದು ನಡೆಯಿತು.

ಈಗ ಆ ಕರಾರು ಮುಗಿಯುತ್ತ ಬಂದಿದೆ. ಬರುವ ಸಾಮಾನ್ಯ ಸಭೆಗೆ ಎರಡು ಏಜೆನ್ಸಿಗಳು ಕೊಟೇಶನ್ ಕಳಿಸಿವೆ. ಹೋಲಿಕೆಯ ತಖ್ತೆಯನ್ನು ನಾನೇ ತಯಾರಿಸುತ್ತಿದ್ದೇನೆ. ಎರಡು ಕಾಲಮ್ಮುಗಳ ಪಕ್ಕದಲ್ಲಿ ಈ ಸಲ ಮೂರನೆಯದೊಂದನ್ನು ಎಳೆದು, ಅದರ ತಲೆಗೆ "ನಾವೇ ಮಾಡಿದರೆ" ಎಂದು ಬರೆದಿದ್ದೇನೆ: ಇಟ್ಟಿಗೆಯ ನಾಲ್ಕು ಗುಂಡಿ, ತೆಂಗಿನ ನಾರಿನ ಪುಡಿ, ತಿರುವಿ ಹಾಕಲು ದಿನಕ್ಕೆ ಒಂದು ಗಂಟೆ. ಆ ಒಂದು ಗಂಟೆಗೆ ಎಷ್ಟು ಬರೆಯಬೇಕೆಂದು ತಿಳಿಯದೆ ಇಂಡಿಯ ಆ ಹೆಣ್ಣುಮಗಳನ್ನು ನಿನ್ನೆ ಮೆಟ್ಟಿಲ ಮೇಲೆ ಕೇಳಿದೆ. "ಮೊದಲು ಗುಂಡಿ ಕಟ್ರಿ ಕಾಕಾರ, ಆಮ್ಯಾಲ ಹೇಳ್ತೀನಿ" ಎಂದಳು. ತಖ್ತೆಯ ಆ ಮನೆ ಸದ್ಯಕ್ಕೆ ಖಾಲಿ ಇದೆ.